‘ಫಸ್ಟ್‌ಲೈನ್’ ಚಿಕಿತ್ಸೆ: ಪ್ರಥಮವೋ, ಮೊದಲ ಹಂತವೋ, ಮೊದಲ ಸರದಿಯೋ?

ನಮಸ್ಕಾರ. ವಯಸ್ಸಾದವರ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್), ಅದರಲ್ಲೂ ಬೇಗ ಬೆಳೆಯುವ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಬಗೆಯದಕ್ಕೆ ಇರುವ ಚಿಕಿತ್ಸೆಗಳನ್ನು ಮನೆಮಂದಿಗೆ ಕನ್ನಡದಲ್ಲಿ ಹೋಲಿಸಿ ಹೇಳುವಾಗ ಕೆಲವು ಪದಗಳು ದಾರಿ ತಪ್ಪಿಸುತ್ತವೆ. ನಿಮ್ಮ ಅಭಿಪ್ರಾಯ ಬೇಕು.

ಕಾಯಿಲೆ ಪತ್ತೆಯಾದ ಮೇಲೆ ಮೊಟ್ಟಮೊದಲು ಕೊಡುವ ಚಿಕಿತ್ಸೆಯೇ ‘ಫಸ್ಟ್‌ಲೈನ್’. ಅದನ್ನು ‘ಪ್ರಥಮ ಚಿಕಿತ್ಸೆ’ ಎಂದರೆ ಗಾಯಕ್ಕೆ ಪಟ್ಟಿ ಕಟ್ಟುವುದು ನೆನಪಾಗುತ್ತದೆ. ‘ಮೊದಲ ಹಂತದ ಚಿಕಿತ್ಸೆ’ ಇನ್ನೂ ಅಪಾಯ: ಕಾಯಿಲೆಯೇ ಮೊದಲ ಹಂತದಲ್ಲಿದೆ ಎಂದು ಓದಿಕೊಳ್ಳುತ್ತಾರೆ. ನಾಲ್ಕನೇ ಹಂತದವರಿಗೂ ಶುರುವಾಗುವುದು ಇದೇ ಚಿಕಿತ್ಸೆಯಿಂದ. ‘ಮೊದಲ ಸುತ್ತು’ ಎನ್ನೋಣವೆಂದರೆ, ಔಷಧಿ ಕೊಟ್ಟು ಬಿಡುವು ಕೊಡುವ 21 ದಿನದ ಒಂದು ಸೈಕಲ್ಲಿಗೆ ‘ಸುತ್ತು’ ಬೇಕು. ಹಾಗಾಗಿ ನನ್ನ ಒಲವು ‘ಮೊದಲ ಸರದಿ’ಯ ಕಡೆಗೆ. ಆರು ಸುತ್ತು ಸೇರಿ ಒಂದು ಸರದಿ. ಕಾಯಿಲೆ ಮರಳಿದರೆ ಎರಡನೇ ಸರದಿ.

‘ಆಕ್ರಮಣಕಾರಿ ಲಿಂಫೋಮಾ’ ಎಂಬ ಮಾತನ್ನು ಬಿಡಲೇಬೇಕು ಅನಿಸುತ್ತದೆ. ಇಲ್ಲಿ ಹೇಳಬೇಕಾದದ್ದು ಬೆಳೆಯುವ ವೇಗವನ್ನು ಮಾತ್ರ. ನಿಧಾನಕ್ಕೆ ಬೆಳೆಯುವ ಬಗೆ ಹೆಚ್ಚಾಗಿ ಪೂರ್ತಿ ವಾಸಿಯಾಗದು, ಬಿರುಸಾಗಿ ಬೆಳೆಯುವುದು ಎಷ್ಟೋ ಜನರಲ್ಲಿ ವಾಸಿಯಾಗುತ್ತದೆ. ‘ಆಕ್ರಮಣಕಾರಿ’ ಎಂದು ಕೇಳಿದ ಮನೆಯವರು ‘ಈ ವಯಸ್ಸಲ್ಲಿ ಯಾಕೆ ಹಿಂಸೆ’ ಎಂದು ಚಿಕಿತ್ಸೆಯನ್ನೇ ಕೈಬಿಟ್ಟರೆ ತಪ್ಪು ಪದದ್ದು. ‘ಬಿರುಸು ಲಿಂಫೋಮಾ’ ಆಗಬಹುದೇ?

ಮೂರು ಕೀಮೋ ಔಷಧಿ ಮತ್ತು ಒಂದು ಸ್ಟೀರಾಯ್ಡ್ ಸೇರಿದ್ದು ‘ಚಾಪ್’. ಅದರ ಪ್ರಮಾಣ ತಗ್ಗಿಸಿ, ಜೊತೆಗೆ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧಿ (‘ಆರ್’) ಕೊಡುವ ‘ಆರ್-ಮಿನಿ-ಚಾಪ್’ ಅನ್ನು ‘ಅರ್ಧ ಡೋಸ್’ ಎನ್ನುವುದು ಲೆಕ್ಕಕ್ಕೇ ಹೊಂದುವುದಿಲ್ಲ. ಮೈಯ ಹೊರಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ ಡಾಕ್ಸೊರುಬಿಸಿನ್ 50 ಮಿ.ಗ್ರಾಂ ಇದ್ದದ್ದು 25ಕ್ಕೆ, ಸೈಕ್ಲೊಫಾಸ್ಫಮೈಡ್ 750 ಇದ್ದದ್ದು 400ಕ್ಕೆ ಇಳಿಯುತ್ತದೆ. ವಿನ್‌ಕ್ರಿಸ್ಟಿನ್ ಒಟ್ಟು 1 ಮಿ.ಗ್ರಾಂ ಮಾತ್ರ, ಹೆಚ್ಚಾದರೆ ಕೈಕಾಲು ಜೋಮು, ಬಿಗಿ ಮಲಬದ್ಧತೆ. ರಿಟುಕ್ಸಿಮ್ಯಾಬ್ ಮಾತ್ರ 375ರಲ್ಲೇ ಪೂರ್ತಿ ಉಳಿಯುತ್ತದೆ, ಅದು ಮೂಳೆಮಜ್ಜೆಯನ್ನು ಕೀಮೋದಷ್ಟು ಕುಗ್ಗಿಸುವುದಿಲ್ಲ. 80 ದಾಟಿದವರಿಗೆ ಇದನ್ನು ಕೊಟ್ಟ ಫ್ರಾನ್ಸ್-ಬೆಲ್ಜಿಯಂ ಅಧ್ಯಯನದಲ್ಲಿ (2011) ಎರಡು ವರ್ಷದ ಬಳಿಕ ಬದುಕಿದ್ದವರು ಶೇ. 59. ಗುರಿ ವಾಸಿಮಾಡುವುದೇ. ‘ತಗ್ಗಿಸಿದ ಚಾಪ್’ ಎಂದರೆ ಸಾಕು. ಹೃದಯ ಬಲಹೀನವಾಗಿ ಡಾಕ್ಸೊರುಬಿಸಿನ್ ಬಿಟ್ಟು ಎಟೊಪೊಸೈಡ್ ಕೊಟ್ಟರೆ ಅದು ‘ಬದಲಿಸಿದ’ ಚಾಪ್. ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಬಾರದು.

‘ಉಪಶಮನ’ದ ತೊಡಕು ಇದಕ್ಕಿಂತ ದೊಡ್ಡದು. ಚಿಕಿತ್ಸೆಯಿಂದ ಕಾಯಿಲೆಯ ಗುರುತು ಕುಗ್ಗುವ ಅಥವಾ ಇಲ್ಲವಾಗುವ ರೆಮಿಷನ್‌ಗೂ ಅದೇ, ನೋವು ತಗ್ಗಿಸುವಷ್ಟಕ್ಕೇ ನಿಲ್ಲುವ ಆರೈಕೆಗೂ ಅದೇ! 60ರಿಂದ 80 ವಯಸ್ಸಿನವರ 2002ರ ಅಧ್ಯಯನದಲ್ಲಿ ಚಾಪ್‌ಗೆ ರಿಟುಕ್ಸಿಮ್ಯಾಬ್ ಸೇರಿಸಿದಾಗ, ಚಿಕಿತ್ಸೆ ಮುಗಿದ ಮೇಲೆ ಪರೀಕ್ಷೆಗಳಲ್ಲಿ ಕಾಯಿಲೆಯ ಗುರುತು ಕಾಣದವರ ಪಾಲು ಶೇ. 63 ಇದ್ದದ್ದು 76ಕ್ಕೆ ಏರಿತು. ಆ ಅಂಕಿಯ ಮುಂದೆ ‘ಪೂರ್ಣ ಉಪಶಮನ’ ಎಂದು ಬರೆದರೆ ನೋವು ಹೋಯಿತು ಎಂದಷ್ಟೇ ಅರ್ಥವಾಗುತ್ತದೆ. ಅಲ್ಲಿ ‘ಪೂರ್ಣ ಸ್ಪಂದನೆ’ ಸರಿಹೊಂದುತ್ತದೆ.

ಉಳಿದದ್ದು ‘ಪ್ರೀಫೇಸ್’. ಮೊದಲ ಸುತ್ತಿಗೆ ಮುಂಚೆ 5ರಿಂದ 7 ದಿನ ದಿನಕ್ಕೆ 100 ಮಿ.ಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಹಾಸಿಗೆ ಹಿಡಿದವರು ಎದ್ದು ಕೂರುವಂತಾಗಲಿ, ಮೊದಲ ಸುತ್ತಿನ ಪೆಟ್ಟು ಕಡಿಮೆಯಾಗಲಿ ಎಂದು. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಸಕ್ಕರೆ ಏರುವುದನ್ನು ನೋಡುತ್ತಿರಬೇಕು. ‘ಪೂರ್ವ ಚಿಕಿತ್ಸೆ’ ಎಂದರೆ ಹಿಂದೆಂದೋ ಆದ ಚಿಕಿತ್ಸೆ ಎಂದಾಗುತ್ತದೆ. ಬಿತ್ತುವ ಮುಂಚೆ ನೆಲ ಹದಮಾಡುವಂತೆ ‘ಹದ ಮಾಡುವ ವಾರ’ ಎನ್ನೋಣವೇ? ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ತಿಳಿಸಿ.