ಬೆಳ್ಳಿ ಬಣ್ಣದ ಎಬಿಎಸ್ ಫಲಕದಲ್ಲಿ ರಂಧ್ರದ ಹಿಂದೆ ಕಪ್ಪು ಗೆರೆ: ಸೆಟ್ಟಿಂಗ್ ಬದಲಿಸಿದರೆ ಹೋಗುವುದೇ?

ಪ್ರಶ್ನೆ

ಎಬಿಎಸ್ ಎಂಬ ಪ್ಲಾಸ್ಟಿಕ್‌ನಲ್ಲಿ ಚೌಕಾಕಾರದ ಒಂದು ಮುಂಫಲಕವನ್ನು ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ ಅನ್ನು ಒತ್ತಡದಿಂದ ಅಚ್ಚಿಗೆ ತುಂಬುವ ವಿಧಾನ) ಮೂಲಕ ತಯಾರಿಸುತ್ತಿದ್ದೇನೆ. ಫಲಕದ ನಡುವೆ ನಾಬ್ ಕೂರಿಸಲು ದುಂಡು ರಂಧ್ರವಿದೆ; ಪ್ಲಾಸ್ಟಿಕ್ ಅಚ್ಚಿನೊಳಗೆ ಬರುವ ದ್ವಾರ, ಅಂದರೆ ಗೇಟ್, ಒಂದು ಬದಿಯ ಅಂಚಿನಲ್ಲಿದೆ. ಇದೇ ಅಚ್ಚಿನಿಂದ ಕಪ್ಪು ಬಣ್ಣದಲ್ಲಿ ತೆಗೆದ ಭಾಗಗಳಲ್ಲಿ ದೋಷವೇನೂ ಎದ್ದು ಕಾಣುತ್ತಿರಲಿಲ್ಲ. ಬೆಳ್ಳಿ ಬಣ್ಣಕ್ಕಾಗಿ ಅಲ್ಯೂಮಿನಿಯಂ ವರ್ಣದ್ರವ್ಯವಿರುವ ಮಾಸ್ಟರ್‌ಬ್ಯಾಚ್ ಎಂಬ ಸಾಂದ್ರ ಬಣ್ಣದ ಕಾಳನ್ನು ಶೇ. 3ರಷ್ಟು ಬೆರೆಸಲು ಆರಂಭಿಸಿದ ಮೇಲೆ, ರಂಧ್ರದಿಂದ ಗೇಟಿನ ಎದುರು ಅಂಚಿನವರೆಗೆ ಕಪ್ಪು ಗೆರೆಯೊಂದು ಕಾಣಿಸುತ್ತಿದೆ. ಕರಗಿದ ಪ್ಲಾಸ್ಟಿಕ್‌ನ ಉಷ್ಣಾಂಶವನ್ನು 225ರಿಂದ 245 ಡಿಗ್ರಿ ಸೆಲ್ಸಿಯಸ್‌ಗೂ ಅಚ್ಚಿನ ಉಷ್ಣಾಂಶವನ್ನು 50ರಿಂದ 70 ಡಿಗ್ರಿಗೂ ಏರಿಸಿದಾಗ ಗೆರೆ ತುಸು ತೆಳುವಾಯಿತೇ ಹೊರತು ಅಳಿಯಲಿಲ್ಲ. ಬಣ್ಣ ಸರಿಯಾಗಿ ಬೆರೆಯುತ್ತಿಲ್ಲವೇನೋ ಎಂದು ಬ್ಯಾಕ್ ಪ್ರೆಷರ್ (ಪ್ಲಾಸ್ಟಿಕ್ ಕರಗಿಸುವ ಸ್ಕ್ರೂ ಹಿಂದೆ ಸರಿಯುವಾಗ ಅದಕ್ಕೆ ಒಡ್ಡುವ ಒತ್ತಡ) ಹೆಚ್ಚಿಸಿದೆ; ಆಗ ಹೊಳಪೇ ಕುಂದಿ ಭಾಗವು ಬೂದು ಬಣ್ಣಕ್ಕೆ ತಿರುಗಿತು.

ಮೊದಲ ಉತ್ತರ

ಪ್ಲಾಸ್ಟಿಕ್ ಕಾಳನ್ನು ಒಣಗಿಸಿದ್ದೀರಾ? ಎಬಿಎಸ್ ಅನ್ನು 80 ಡಿಗ್ರಿಯಲ್ಲಿ ಎರಡರಿಂದ ನಾಲ್ಕು ಗಂಟೆ ಒಣಗಿಸದಿದ್ದರೆ ಮೇಲ್ಮೈಯಲ್ಲಿ ಗೆರೆಗಳು ಬರುತ್ತವೆ.

ಎರಡನೆಯ ಉತ್ತರ

ಒಣಗಿಸುವುದು ಅಗತ್ಯವೇ, ಆದರೆ ಈ ದೋಷ ತೇವಾಂಶದ್ದಲ್ಲ. ತೇವಾಂಶದ ಗೆರೆಗಳು ಹರಿವಿನ ದಿಕ್ಕಿನಲ್ಲಿ ಅಲ್ಲಲ್ಲಿ ಚದುರಿರುತ್ತವೆ ಮತ್ತು ಪ್ರತಿ ಶಾಟ್‌ಗೂ, ಅಂದರೆ ಅಚ್ಚು ತುಂಬುವ ಪ್ರತಿ ಸಲವೂ, ಜಾಗ ಬದಲಿಸುತ್ತವೆ. ನೀವು ಹೇಳುವ ಗೆರೆ ಪ್ರತಿ ಭಾಗದಲ್ಲೂ ರಂಧ್ರದ ಹಿಂದೆಯೇ ನಿಲ್ಲುವುದರಿಂದ ಅದು ವೆಲ್ಡ್ ಲೈನ್, ಅಂದರೆ ಎರಡು ಹರಿವುಗಳು ಕೂಡುವ ಗೆರೆ.

ಅಲ್ಯೂಮಿನಿಯಂ ಚಕ್ಕೆಗಳ ದಪ್ಪ ಒಂದು ಮೈಕ್ರಾನ್‌ಗಿಂತ ಕಡಿಮೆಯಿರುತ್ತದೆ, ಅಗಲ ಮಾತ್ರ ಅದರ ಹತ್ತಾರು ಪಟ್ಟು. ಹರಿವಿನಲ್ಲಿ ಅವು ಅಚ್ಚಿನ ಗೋಡೆಗೆ ಸಮಾನಾಂತರವಾಗಿ ಮಲಗುವುದರಿಂದಲೇ ಕನ್ನಡಿಯಂತೆ ಬೆಳಕನ್ನು ಹಿಂದಿರುಗಿಸುತ್ತವೆ. ರಂಧ್ರ ಮೂಡಿಸಲು ಅಚ್ಚಿನಲ್ಲಿರುವ ಪಿನ್ನನ್ನು ಸುತ್ತಿಕೊಂಡು ಎರಡು ಕಡೆಯಿಂದ ಬರುವ ಹರಿವಿನ ಮುಂಚೂಣಿಗಳು ಎದುರಾಗುವ ಜಾಗದಲ್ಲಿ ಮಾತ್ರ ಅವು ಮಲಗದೆ ಎದ್ದು ನಿಂತುಬಿಡುತ್ತವೆ. ಆಗ ಬೆಳಕು ಕಣ್ಣಿಗೆ ಬರದೆ ಬೇರೆಡೆಗೆ ಹೋಗುತ್ತದೆ, ಆ ಪಟ್ಟಿ ಕಪ್ಪಾಗಿ ಕಾಣುತ್ತದೆ. ಕಪ್ಪು ಪ್ಲಾಸ್ಟಿಕ್‌ನಲ್ಲೂ ಹರಿವುಗಳು ಇದೇ ಜಾಗದಲ್ಲಿ ಸಂಧಿಸುತ್ತಿದ್ದವು. ತೋರಿಸಿಕೊಡುವ ಚಕ್ಕೆಗಳು ಇರಲಿಲ್ಲ, ಅಷ್ಟೇ.

ಭಾಗವನ್ನು ಒಂದೇ ದೀಪದ ಕೆಳಗೆ ನಿಧಾನವಾಗಿ ತಿರುಗಿಸಿ ನೋಡಿ. ಯಾವುದೋ ಒಂದು ಕೋನದಲ್ಲಿ ಗೆರೆ ಸುತ್ತಲಿನ ಮೈಗಿಂತ ಬೆಳ್ಳಗೆ ಕಂಡರೆ ಕಾರಣ ಚಕ್ಕೆಗಳ ಜೋಡಣೆಯೇ. ಉಗುರು ಸಿಕ್ಕುವಷ್ಟು ಗೀರು ಇದ್ದರೆ ಅದಕ್ಕೆ ಮಾತ್ರ ಉಷ್ಣಾಂಶ ಮತ್ತು ವೇಗ ನೆರವಾಗುತ್ತವೆ. ನಿಮ್ಮ ಗೆರೆ ತೆಳುವಾದದ್ದು ಗೀರು ತುಂಬಿದ್ದರಿಂದ. ಉಳಿದದ್ದು ಸೆಟ್ಟಿಂಗ್‌ಗೆ ಬಗ್ಗುವುದಿಲ್ಲ ಎಂಬುದು ನನ್ನ ಅನುಭವ.

ಬ್ಯಾಕ್ ಪ್ರೆಷರ್ ಅನ್ನು ಕೂಡಲೇ ಇಳಿಸಿ, ಸ್ಕ್ರೂ ವೇಗವನ್ನೂ ತಗ್ಗಿಸಿ. ತೀವ್ರ ತಿಕ್ಕಾಟಕ್ಕೆ ಸಿಕ್ಕ ಚಕ್ಕೆಗಳು ಬಾಗಿ ಮುರಿಯುತ್ತವೆ, ಮುರಿದ ಚೂರುಗಳು ಬೂದಾಗಿ ಕಾಣುತ್ತವೆ. ತೀರಾ ಕಿರಿದಾದ ಗೇಟ್ ಕೂಡ ಇದೇ ಹಾನಿ ಮಾಡುತ್ತದೆ. ಮಾಸ್ಟರ್‌ಬ್ಯಾಚ್ ದುಬಾರಿಯೆಂದು ಒಣ ಅಲ್ಯೂಮಿನಿಯಂ ಪುಡಿಯನ್ನು ನೇರವಾಗಿ ಬೆರೆಸುವ ಯೋಚನೆಯಂತೂ ಬೇಡ. ಗಾಳಿಯಲ್ಲಿ ಎದ್ದ ಆ ಪುಡಿ ಕಿಡಿ ತಾಗಿದರೆ ಸ್ಫೋಟಿಸುತ್ತದೆ.

ಮರುಪ್ರಶ್ನೆ

ತಿರುಗಿಸಿ ನೋಡಿದೆ, ಒಂದು ಕೋನದಲ್ಲಿ ಗೆರೆ ಬೆಳ್ಳಗೇ ಕಂಡಿತು. ಬ್ಯಾಕ್ ಪ್ರೆಷರ್ ಇಳಿಸಿದ ಮೇಲೆ ಹೊಳಪೂ ಮರಳಿದೆ. ಮಾಸ್ಟರ್‌ಬ್ಯಾಚ್‌ಗೆ ಸ್ವಲ್ಪ ಬಿಳಿ ವರ್ಣದ್ರವ್ಯ ಸೇರಿಸಿ ಗೆರೆಯನ್ನು ಮುಚ್ಚಬಹುದೇ? ಅಚ್ಚನ್ನು ತಿದ್ದುವುದಾದರೆ ಎಲ್ಲಿಂದ ಆರಂಭಿಸಲಿ?

ಎರಡನೆಯ ಉತ್ತರ ನೀಡಿದವರಿಂದ

ಬಿಳಿ ಬೇಡ. ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಗೆರೆಯ ಜೊತೆಗೆ ಬೆಳ್ಳಿಯ ಹೊಳಪೂ ಹೋಗುತ್ತದೆ. ಗೋಳಾಕಾರದ ಕಣಗಳಿರುವ ವರ್ಣದ್ರವ್ಯಕ್ಕೆ ಮಲಗುವ, ನಿಲ್ಲುವ ಭೇದವಿಲ್ಲದ ಕಾರಣ ಗೆರೆ ಬಹಳಷ್ಟು ಮಾಸುತ್ತದೆ, ಆದರೆ ಕೋನ ಬದಲಾದಂತೆ ಬದಲಾಗುವ ಲೋಹದ ಛಾಯೆಯೂ ಅದರೊಂದಿಗೆ ಕಡಿಮೆಯಾಗುತ್ತದೆ. ಅಚ್ಚಿನ ಮೈಗೆ ಒರಟು ಟೆಕ್ಸ್‌ಚರ್ ಕೊಡುವುದರಿಂದಲೂ ಅರ್ಧ ಪರಿಹಾರವಷ್ಟೇ ದೊರೆಯುತ್ತದೆ.

ನಿಮ್ಮ ಭಾಗದಲ್ಲಿ ರಂಧ್ರ ಒಂದೇ, ಅದೂ ನಡುವೆ ಇರುವುದರಿಂದ ಗೇಟನ್ನು ರಂಧ್ರದೊಳಕ್ಕೇ ತರುವುದು ಮೇಲು. ರಂಧ್ರದ ಸುತ್ತಲೂ ತೆಳುವಾದ ಡಯಾಫ್ರಾಮ್ ಗೇಟ್ (ತಟ್ಟೆಯಾಕಾರದ ಗೇಟ್) ಇಟ್ಟರೆ ಪ್ಲಾಸ್ಟಿಕ್ ನಡುವಿನಿಂದ ಎಲ್ಲ ಕಡೆಗೂ ಹರಡುತ್ತದೆ, ಎರಡು ಹರಿವುಗಳು ಎದುರಾಗುವ ಸಂದರ್ಭವೇ ಬರುವುದಿಲ್ಲ. ಗೇಟನ್ನು ಕತ್ತರಿಸಿದ ಗುರುತು ನಾಬ್‌ನ ಕೆಳಗೆ ಮರೆಯಾಗುತ್ತದೆ. ಇಷ್ಟು ದೊಡ್ಡ ತಿದ್ದುಪಡಿಗೆ ಮೊದಲು ರಂಧ್ರ ಮೂಡಿಸುವ ಆ ಕೋರ್ ಪಿನ್ನನ್ನು ತೆಗೆದು, ಆ ಜಾಗವನ್ನು ಸಮತಟ್ಟಾದ ಪ್ಲಗ್‌ನಿಂದ ಮುಚ್ಚಿ ಹತ್ತು ಭಾಗಗಳನ್ನು ಹೊಡೆದು ನೋಡಿ. ಗೆರೆ ಕಾಣೆಯಾದರೆ, ಬೇಡಿಕೆಯ ಸಂಖ್ಯೆ ಸಣ್ಣದಿರುವವರೆಗೆ ರಂಧ್ರವನ್ನು ನಂತರ ಕೊರೆಯುವುದೇ ಅಗ್ಗವಾಗಬಹುದು.

ಪ್ರಶ್ನೆ ಕೇಳಿದವರಿಂದ

ಪ್ಲಗ್ ಹಾಕಿ ಹೊಡೆದ ಹತ್ತರಲ್ಲಿ ಒಂದರಲ್ಲೂ ಗೆರೆಯಿಲ್ಲ. ಸದ್ಯಕ್ಕೆ ರಂಧ್ರವನ್ನು ಕೊರೆದೇ ಕೊಡುತ್ತಿದ್ದೇನೆ. ಡಯಾಫ್ರಾಮ್ ಗೇಟಿನ ನಕ್ಷೆಯನ್ನು ಅಚ್ಚು ಮಾಡುವವರ ಮುಂದಿಟ್ಟಿದ್ದೇನೆ.