ಬಿಚ್ಚಿ ಕಟ್ಟಿದ ಮಾರುತಿ ಎಸ್ಟೀಮ್ ಕಾರಿನ ಇಂಜಿನ್‌ಗೆ ಹಗುರ ಫ್ಲೈವೀಲ್ ಬೇಕಾ, ಹಳೇದೇ ಸಾಕಾ?

ಘಾಟಿ_ಎಸ್ಟೀಮ್: ಎಲ್ಲರಿಗೂ ನಮಸ್ಕಾರ. ನನ್ನ 16 ವಾಲ್ವಿನ ಎಸ್ಟೀಮ್‌ದು 1298 ಸಿಸಿ ಇಂಜಿನ್, ಪೂರ್ತಿ ಬಿಚ್ಚಿ ಕಟ್ಟಿಸ್ತಿದ್ದೀನಿ. ಬೋರಿಂಗ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್) ಗ್ರೈಂಡಿಂಗ್ ಎಲ್ಲ ಆಯ್ತು, ಈಗ ಕೆಲಸ ಫ್ಲೈವೀಲ್ (ಕ್ರ್ಯಾಂಕಿನ ತುದಿಗೆ ಕೂರೋ ಭಾರದ ಚಕ್ರ) ಹತ್ರ ನಿಂತಿದೆ. ಗ್ಯಾರೇಜಿನವರು "ಹಳೇದನ್ನೇ ಲೇತಿಗೆ ಹಾಕಿ ಎರಡು ಕೆಜಿ ಇಳಿಸೋಣ, ಗಾಡಿ ಹಾರುತ್ತೆ" ಅಂತಿದ್ದಾರೆ. ಇನ್ನೊಬ್ರು ಕ್ರೋಮೋಲಿ ಅನ್ನೋ ಗಟ್ಟಿ ಸ್ಟೀಲಲ್ಲಿ ಹೊಸದಾಗಿ ಹಗುರದ್ದು ಮಾಡಿಸಿಕೊಡ್ತೀನಿ ಅಂದ್ರು. ದಿನಾ ಬೆಂಗಳೂರು ಟ್ರಾಫಿಕ್‌ನಲ್ಲಿ ಆಫೀಸಿಗೆ ಇದೇ ಗಾಡಿ. ಬಿಡುವಾದ್ರೆ ಶಿರಾಡಿ, ಚಾರ್ಮಾಡಿ. ಏನ್ ಮಾಡ್ಲಿ?

ರೆಡ್‌ಲೈನ್_ರಾಜ: ಕಣ್ಮುಚ್ಕೊಂಡು ಹಗುರ ಮಾಡ್ಸು ಗುರು. ಇಂಜಿನ್ ಹೊರಗಿರುವಾಗಲೇ ಮಾಡ್ಸಬೇಕು, ಆಮೇಲೆ ಇದೊಂದಕ್ಕೇ ಗೇರ್‌ಬಾಕ್ಸ್ ಯಾರು ಇಳಿಸ್ತಾರೆ? ಆಕ್ಸಿಲರೇಟರ್ ಮುಟ್ಟಿದ್ರೆ ಸಾಕು, ರೆವ್ (ಇಂಜಿನ್ ತಿರುಗೋ ವೇಗ) ಚಂಗನೆ ಏರುತ್ತೆ. ಐದಾರು ಬಿಎಚ್‌ಪಿ ಪವರ್ ಜಾಸ್ತೀನೂ ಸಿಗುತ್ತೆ. ಘಾಟಿ ಇಳಿಯುವಾಗ ಇಂಜಿನ್ ಬ್ರೇಕಿಂಗೂ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನೇ ಗಾಡಿ ಹಿಡಿಯೋದು) ಚೆನ್ನಾಗಿರುತ್ತೆ.

ಪಾಲಿಟೆಕ್ನಿಕ್_ಮೇಷ್ಟ್ರು: ರಾಜ, ರೆವ್ ಬೇಗ ಏರೋದು ನಿಜ. ಮಿಕ್ಕ ಎರಡೂ ಸುಳ್ಳು. ಫ್ಲೈವೀಲ್ ಶಕ್ತಿ ಹುಟ್ಟಿಸಲ್ಲ, ಕೂಡಿಟ್ಟು ವಾಪಸ್ ಕೊಡುತ್ತೆ ಅಷ್ಟೆ. ಘಾಟಿಯಲ್ಲಿ ಒಂದೇ ವೇಗದಲ್ಲಿ ಇಳಿಯುವಾಗ ಇಂಜಿನ್ ಬ್ರೇಕಿಂಗ್ ಒಂದಿಷ್ಟೂ ಬದಲಾಗಲ್ಲ.

ಲಾಭ ಎಲ್ಲಿ ಅಂತ ಲೆಕ್ಕ ಹಾಕಿ ನೋಡಿ. ಅಂಚಿನಲ್ಲಿ, ನಡುವಿನಿಂದ 12 ಸೆಂ.ಮೀ. ದೂರದಲ್ಲಿ 2 ಕೆಜಿ ತೆಗೆದ್ರಿ ಅಂತಿಟ್ಕೊಳ್ಳಿ. ಫಸ್ಟ್ ಗೇರಲ್ಲಿ ಚಕ್ರ ಒಂದು ಸುತ್ತು ಬರೋದ್ರೊಳಗೆ ಇಂಜಿನ್ ಸುಮಾರು 14 ಸುತ್ತು ತಿರುಗುತ್ತೆ. ಜಡತ್ವಕ್ಕೆ ಈ 14ರ ವರ್ಗ ಸೇರುತ್ತೆ. ಟೈರಿನ ತ್ರಿಜ್ಯ 28 ಸೆಂ.ಮೀ. ಹಿಡಿದ್ರೆ, ಗಾಡಿಯಿಂದ 72 ಕೆಜಿ ಇಳಿಸಿದಷ್ಟು, ಅಂದ್ರೆ ಒಬ್ಬ ಪ್ಯಾಸೆಂಜರ್ ಇಳಿದಷ್ಟು ಹಗುರ. ಟಾಪ್ ಗೇರಲ್ಲಿ ಅದೇ ಅನುಪಾತ 3ರ ಆಸುಪಾಸು, ಲಾಭ ನಾಲ್ಕು ಕೆಜಿಯೂ ಇಲ್ಲ. ಅದೇ 2 ಕೆಜೀನ ನಡುಭಾಗದಲ್ಲಿ, 6 ಸೆಂ.ಮೀ. ದೂರದಲ್ಲಿ ಕೊರೆದ್ರೆ ಫಸ್ಟ್ ಗೇರಲ್ಲೂ 18 ಕೆಜಿ ಮಾತ್ರ. ಎಷ್ಟು ತೆಗೀತೀರಿ ಅನ್ನೋದಕ್ಕಿಂತ ಎಲ್ಲಿಂದ ತೆಗೀತೀರಿ ಅಂತ ಗ್ಯಾರೇಜಿನವರನ್ನ ಕೇಳಿ.

ರೆಡ್‌ಲೈನ್_ರಾಜ: ಸಾರ್, 72 ಕೆಜಿ ಅಂತ ನೀವೇ ಹೇಳಿದ್ರಲ್ಲ! ಘಾಟಿ ತಿರುವಲ್ಲಿ ಇರೋದೇ ಸೆಕೆಂಡು, ಥರ್ಡು ಗೇರು.

ಪಾಲಿಟೆಕ್ನಿಕ್_ಮೇಷ್ಟ್ರು: ಸೆಕೆಂಡ್ ಗೇರಿಗೆ ಬಂದ್ರೆ 72 ಹೋಗಿ ಸುಮಾರು 22 ಆಗುತ್ತೆ. ಅದೂ ವೇಗ ಏರಿಸುವಾಗ ಮಾತ್ರ.

ಲೇತ್_ಬಸಣ್ಣ: ಹುಬ್ಬಳ್ಳಿಯಿಂದ ನಮಸ್ಕಾರ್ರಿ. ಲೆಕ್ಕ ಬರೋಬ್ಬರಿ ಐತಿ, ಆದ್ರ ಯಾರೂ ಲೋಹದ ಮಾತಾಡವಲ್ರಿ. ಹಳೇ ಫ್ಲೈವೀಲ್ ಬೀಡಿಂದಿದ್ರ (ಎರಕದ ಕಬ್ಬಿಣ) ಅಂಚು ತೆಳುವು ಮಾಡಬ್ಯಾಡ್ರಿ ತಮ್ಮಾ. ಬೀಡು ಒತ್ತಡ ತಡೀತೈತಿ, ಎಳೆತ ತಡಿಯೂದುಲ್ಲ. 6500 ಆರ್‌ಪಿಎಂದಾಗ (ನಿಮಿಷಕ್ಕ ಅಷ್ಟು ಸುತ್ತು) ಆ ಅಂಚು ತಾಸಿಗೆ 300 ಕಿ.ಮೀ. ದಾಟಿ ಓಡ್ತಿರ್ತೈತಿ. ಸೀಳಿತಂದ್ರ ಬೆಲ್ ಹೌಸಿಂಗ್ (ಕ್ಲಚ್ಚಿನ ಹೊರಗವಚ) ಒಡಕೊಂಡು ನಿಮ್ಮ ಕಾಲಬುಡಕ್ಕೇ ಬರ್ತೈತಿ. ಹಗುರ ಬೇಕಂದ್ರ ಸ್ಟೀಲಿಂದ ಹಾಕ್ರಿ, ಇಲ್ಲಾಂದ್ರ ಕಂಪನಿ ತೂಕಾನ ಇರಲಿ.

ಹಳೇದ ಇಟ್ಕೊಂಡ್ರ ಮೊದಲ ಮೈ ನೋಡ್ರಿ. ಕ್ಲಚ್ ಪ್ಲೇಟ್ ಉಜ್ಜೂ ಜಾಗದಾಗ ನೀಲಿ ಕಲೆ ಅದಾವೇನು? ಕಾದು ಗಟ್ಟಿಯಾಗಿರ್ತಾವ ಅವು. ಲೇತಿನ ಟೂಲ್ ಅವುಗಳ ಮ್ಯಾಲ ಹಾರಿ ಹೋಗತೈತಿ, ಅಲ್ಲೇ ಉಬ್ಬು ಉಳಿತೈತಿ, ಆಮ್ಯಾಲ ಗಾಡಿ ಎತ್ತೂ ಮುಂದ ಕ್ಲಚ್ ಗದಗದ ನಡಗತೈತಿ. ಅದಕ್ಕ ಗ್ರೈಂಡಿಂಗ್ ಮಾಡಸ್ರಿ. ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟ್ ಒತ್ತಿ ಹಿಡಿಯೂದು) ಕೂಡೂ ಮಟ್ಟ ಬ್ಯಾರೆ ಇದ್ರ, ಎರಡೂ ಮಟ್ಟ ಒಂದ ಅಳತಿ ತಗೀಬೇಕು. ಬಿರುಕು ಕಂಡ್ರ ಗುಜರಿಗೆ ಒಗೀರಿ.

ಕರಾವಳಿ_ಚಾಲಕ: ಬಸಣ್ಣ ಹೇಳಿದ್ದು ಸರಿ ಮಾರಾಯ್ರೆ. ಟ್ರಾಫಿಕ್ಕಿನ ಕಥೆಯೂ ಉಂಟಲ್ಲ? ನಾಲ್ಕು ಸಿಲಿಂಡರಿಗೆ ಅರ್ಧ ಸುತ್ತಿಗೊಮ್ಮೆ ಬೆಂಕಿ, ನಡುವಿನ ಖಾಲಿ ತುಂಬಿಸುವುದೇ ಫ್ಲೈವೀಲು. ತೀರಾ ಹಗುರವಾದ್ರೆ ಏಸಿ ಕಂಪ್ರೆಸರ್ ಹಿಡಿದಾಗೆಲ್ಲ ಐಡ್ಲಿಂಗ್ ಕುಸಿಯುತ್ತದೆ. ಫ್ಲೈಓವರ್ ಏರಿನಲ್ಲಿ ಕ್ಲಚ್ ಬಿಡುವಾಗ ಬಂದ್ ಬೀಳುವುದೂ ಜಾಸ್ತಿ. ರ್‍ಯಾಲಿಯವರು ಹಗುರದ್ದು ಹಾಕಿದ್ರೆ ಅವರಿಗೆ ಏಸಿಯೂ ಇಲ್ಲ, ಸಿಗ್ನಲ್ಲೂ ಇಲ್ಲ. ಮತ್ತೆ ಫ್ಲೈವೀಲ್ ಬಿಚ್ಚಿರುವಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬದಲಾಯಿಸಿ, ಹಳೇದನ್ನು ಬಿಡಬೇಡಿ.

ರೆಡ್‌ಲೈನ್_ರಾಜ: ಏಸಿಗೆ ಐಡಲ್ ಸ್ವಲ್ಪ ಏರಿಸಿದ್ರಾಯ್ತು. ಹೆದರಿಸ್ಬೇಡಿ ಹುಡುಗನ್ನ.

ಪಾಲಿಟೆಕ್ನಿಕ್_ಮೇಷ್ಟ್ರು: ಹೆದರಬೇಕಾದ್ದು ಬ್ಯಾಲೆನ್ಸಿಂಗ್ ಬಿಟ್ಟವರು. 12 ಸೆಂ.ಮೀ. ದೂರದಲ್ಲಿ ಬರೀ 10 ಗ್ರಾಂ ವ್ಯತ್ಯಾಸ ಇದ್ರೂ 6000 ಆರ್‌ಪಿಎಂನಲ್ಲಿ ಸುಮಾರು 48 ಕೆಜಿ ಭಾರದ ಎಳೆತ, ಸೆಕೆಂಡಿಗೆ ನೂರು ಸುತ್ತು, ಈಗಷ್ಟೇ ಹಾಕಿಸಿದ ಬೇರಿಂಗ್ ಮೇಲೆ. ಯಾವ ಫ್ಲೈವೀಲ್ ಆದ್ರೂ ಕ್ರ್ಯಾಂಕ್, ಪ್ರೆಶರ್ ಪ್ಲೇಟ್ ಜೊತೆ ಸೇರಿಸಿ ಬ್ಯಾಲೆನ್ಸ್ ಮಾಡಿಸಿ.

ಘಾಟಿ_ಎಸ್ಟೀಮ್: ಸಂಜೆ ಗ್ಯಾರೇಜಿಗೆ ಹೋಗಿ ನೋಡಿದೆ. ನೀಲಿ ಕಲೆಗಳಿವೆ, ಬಿರುಕು ಕಾಣ್ಲಿಲ್ಲ. ಎರಡು ಕೆಜಿ ಎಲ್ಲಿಂದ ತೆಗೀತೀರಿ ಅಂದ್ರೆ "ಸುತ್ತಲೂ" ಅಂದ್ರು! ಬೇಡ ಅಂದೆ. ಗ್ರೈಂಡಿಂಗ್ ಮಾಡಿಸಿ ಅದೇ ತೂಕದ್ದೇ ಹಾಕಿಸ್ತೀನಿ. ಫ್ಲೈವೀಲ್ ಸುತ್ತಲಿನ ರಿಂಗ್ ಗೇರಿನ (ಸ್ಟಾರ್ಟರ್ ತಿರುಗಿಸೋ ಹಲ್ಲಿನ ಬಳೆ) ಹಲ್ಲು ಒಂದು ಕಡೆ ಸವೆದಿದೆ ಬಸಣ್ಣ, ಅದನ್ನ ತಿರುಗಿಸಿ ಹಾಕಬಹುದಾ?

ಲೇತ್_ಬಸಣ್ಣ: ತಿರುವಿ ಹಾಕಬ್ಯಾಡ್ರಿ. ಹಲ್ಲಿನ ಮೂಲಿ ಸವರಿದ್ದು ಸ್ಟಾರ್ಟರಿನ ಸಣ್ಣ ಗೇರು (ಪಿನಿಯನ್) ಒಳಗ ಬರೂ ಕಡೀಗೇ ಇರಬೇಕು. ಹೊಸಾದು ತರ್ರಿ, ಹಲ್ಲು ಎಣಿಸಿ ತರ್ರಿ. ಕಾಸಿ ಹಿಗ್ಗಿಸಿ ಕೂಡಸ್ರಿ, ಸುತ್ತಿಗಿ ಮುಟ್ಟಬ್ಯಾಡ್ರಿ. ಕೆಂಪಗ ಕಾಸಿದ್ರ ಹಲ್ಲಿನ ಗಟ್ಟಿತನ ಹೋಗಿಬಿಡತೈತಿ.

ರೆಡ್‌ಲೈನ್_ರಾಜ: ಆಯ್ತಪ್ಪ. ಗಾಡಿ ರೆಡಿಯಾದ್ಮೇಲೆ ನನ್ನ ಹಗುರ ಫ್ಲೈವೀಲಿನ ಮಾರುತಿ ಝೆನ್ ಜೊತೆ ಚಾರ್ಮಾಡಿಗೆ ಬಾ, ಗಾಡಿ ಅದಲುಬದಲು ಮಾಡ್ಕೊಂಡು ಓಡಿಸಿ ನೋಡೋಣ.

ಕರಾವಳಿ_ಚಾಲಕ: ಕೊಟ್ಟಿಗೆಹಾರದಲ್ಲಿ ನಾನೂ ಸೇರಿಕೊಳ್ತೇನೆ. ನೀರ್‌ದೋಸೆ ಬಿಲ್ಲು ರಾಜನದ್ದು.