ಸಹಾಯ ಬೇಕು: ಮಾರುತಿ 800 ಟೈ ರಾಡ್ ಎಂಡ್ ಬಿಚ್ಚಲು ಆಗ್ತಿಲ್ಲ
ನಮಸ್ಕಾರ. ನಮ್ಮ ಮನೆಯ 2004ರ ಮಾರುತಿ 800ರ ಸ್ಟೀರಿಂಗ್‌ನಲ್ಲಿ ಪ್ಲೇ (ಸಡಿಲ) ಜಾಸ್ತಿಯಾಗಿದೆ, ಗುಂಡಿ ಬಂದರೆ ಟಕ್ ಟಕ್ ಸದ್ದು. ಜಾಕ್ ಹಾಕಿ ಎಡ ಮುಂದಿನ ಚಕ್ರವನ್ನು ಅಕ್ಕಪಕ್ಕ ಅಲ್ಲಾಡಿಸಿದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ರಾಡನ್ನು ಚಕ್ರದ ಕಡೆಗೆ ಜೋಡಿಸುವ ತುದಿಯ ಕೀಲು) ಲೂಸ್ ಇರುವುದು ಕೈಗೇ ಗೊತ್ತಾಗುತ್ತದೆ, ಮೇಲೆ ಕೆಳಗೆ ಅಲ್ಲಾಡಿಸಿದರೆ ಏನೂ ಇಲ್ಲ, ಹಾಗಾಗಿ ಬೇರಿಂಗ್ ಅಲ್ಲ ಅನ್ನಿಸುತ್ತದೆ. ಹೊಸ ಜೋಡಿ ತಂದಿಟ್ಟಿದ್ದೇನೆ. ಸ್ಪ್ಲಿಟ್ ಪಿನ್ ತೆಗೆದೆ, ನಟ್ಟೂ ಬಂತು, ಆದರೆ ಅದರ ಬಾಲ್ ಜಾಯಿಂಟ್ ಮಾತ್ರ ಕದಲುತ್ತಲೇ ಇಲ್ಲ. ನಕಲ್ (ಆ ಜಾಯಿಂಟ್ ಕೂತಿರುವ, ಚಕ್ರದ ಹಿಂದಿನ ಲೋಹದ ಭಾಗ) ಪಕ್ಕಕ್ಕೆ ಸುತ್ತಿಗೆಯಲ್ಲಿ ಹೊಡೆದರೆ ಸಾಕಾ, ಪುಲ್ಲರ್ (ಜಾಯಿಂಟ್ ಕಳಚುವ ಸಾಧನ) ಬೇಕೇ ಬೇಕಾ? ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟ್ ಅಂಗಡಿವರೆಗೆ ನಿಧಾನಕ್ಕೆ ಓಡಿಸಬಹುದು ಅಲ್ವಾ? ಸ್ಟೀರಿಂಗ್ ವಿಷಯ, ಸುಮ್ನೆ ಅಂದಾಜಿನಲ್ಲಿ ಬೇಡ, ಕೈಯಾರೆ ಮಾಡಿದವರು ಹೇಳಿ.